ದೊಡ್ಡವ್ವ ಮಂಜೂರು ಮಾಡಿದ ಹಬ್ಬಗಳು

ಸರಕಾರ ರಜೆ ಘೋಷಿಸಿದ ಮಾತ್ರಕ್ಕೆ ಅದು ರಜೆಯಾಗಿಬಿಡುತ್ತದೆ ಎಂದು ನೀವು ತಿಳಿದಿದ್ದರೆ, ನೀವಿನ್ನೂ ನಮ್ಮ ಮನೆಗೆ ಬಂದಿಲ್ಲ ಎಂದಾಯಿತು. ಜೇವರ್ಗಿಯ ನಮ್ಮ ಮನೆಯಲ್ಲಿ ವಿಧಾನಸೌಧದ ಸಹಿಯೊಂದೇ ಸಾಲದು. ಅಲ್ಲಿಂದ ಬಂದ ರಜೆಗಳ ಪಟ್ಟಿ ಇಲ್ಲಿ ಇನ್ನೊಂದು ಕಚೇರಿಗೆ ಹೋಗುತ್ತದೆ. ಆ ಕಚೇರಿಗೆ ಒಬ್ಬರೇ ಅಧಿಕಾರಿ, ನಮ್ಮ ದೊಡ್ಡವ್ವ. ಮೇಲ್ಮನವಿಗೆ ಅವಕಾಶವಿಲ್ಲ!

ದೊಡ್ಡವ್ವ ಎಂದರೆ ನನ್ನ ಗಂಡನ ತಾಯಿಯ ಅಕ್ಕ. ಮದುವೆಯಾಗಲಿಲ್ಲ. ತಂಗಿ ಬೇಗ ತೀರಿಕೊಂಡ ಮೇಲೆ ಆಕೆಯ ಮಗನನ್ನು, ಅಂದರೆ ನನ್ನ ಯಜಮಾನರನ್ನು, ಸಾಕಿ ಓದಿಸಿ ನನ್ನ ಕೈಗೆ ಒಪ್ಪಿಸಿದವರು. ಜೇವರ್ಗಿ ತಾಲ್ಲೂಕಿನ ಹಳ್ಳಿಗಳಲ್ಲಿ ಸರಕಾರಿ ನರ್ಸ್ ಆಗಿದ್ದು ನಿವೃತ್ತರಾದವರು. ಅವರ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ, ‘ಹುಟ್ಟಿದ ಕೂಡಲೇ ನನ್ನ ಬೆನ್ನಿಗೆ ಹೊಡೆದು ಅಳಿಸಿದವರು ಇವರೇ’ ಎನ್ನುವ ಅರ್ಧ ತಾಲ್ಲೂಕು ನಮ್ಮ ಅಂಗಳದಲ್ಲಿ ಬಂದು ನಿಂತೀತು. ಊರಿಗೆ ಅವರು ಸಿಸ್ಟರಮ್ಮ. ನಮ್ಮ ಮನೆಯಲ್ಲಿ ನನ್ನ ಗಂಡ, ನಾನು, ಮಗಳು ಗ್ರೇಸಿ, ಹಾಲಿನವನು, ಎಲ್ಲರಿಗೂ ದೊಡ್ಡವ್ವ.

ಪ್ರತಿ ಜನವರಿಯ ಮೊದಲ ವಾರ ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರನ್ನು ದೊಡ್ಡವ್ವ ನೆಲದ ಮೇಲೆ ಹಾಸುತ್ತಾರೆ. ಒಂದು ತುದಿಗೆ ಕೆಂಪು, ಇನ್ನೊಂದು ತುದಿಗೆ ನೀಲಿ ಇರುವ ಪೆನ್ಸಿಲ್ ತೆಗೆಯುತ್ತಾರೆ. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಾರೆ. ಆಮೇಲೆ ಶುರು. ನೀಲಿ ಗೆರೆ ಬಿದ್ದ ದಿನ ನಾವು ಧಾರಾಳವಾಗಿ ಹಬ್ಬ ಮಾಡಬಹುದು. ಕೆಂಪು ಬಿದ್ದರೆ ಅದು ಸಾದಾ ದಿನ, ಅನ್ನ, ಬೇಳೆ ಸಾರು, ಉಪ್ಪಿನಕಾಯಿ. ಕೆಂಪು ನೀಲಿ ಎರಡೂ ಬಿದ್ದರೆ ‘ಅರ್ಧ’. ಈ ಅರ್ಧ ಇದೆಯಲ್ಲ, ನನ್ನ ಜೀವ ಅರ್ಧ ಮಾಡಿದ್ದು ಅದೇ.

ನಾನು ಆಳಂದದವಳು. ನನ್ನ ತವರಿನವರೂ ಚರ್ಚಿನ ಸಭೆಗೆ ತಪ್ಪದವರೇ, ಊಟಕ್ಕೆ ಮೊದಲು ಪ್ರಾರ್ಥನೆ ಮಾಡದೆ ತುತ್ತು ಎತ್ತದವರೇ. ಆದರೆ ಓಣಿಯವರು ಹೋಳಿಗೆ ಕೊಟ್ಟರೆ ನನ್ನ ತಾಯಿ ‘ದೇವರು ಕೊಟ್ಟದ್ದು’ ಎಂದು ತಟ್ಟೆ ಚಾಚುತ್ತಿದ್ದರು. ಯಾವ ದೇವರು ಎಂದು ಹೋಳಿಗೆಯನ್ನು ವಿಚಾರಿಸುತ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ನನಗೆ ಹೊಸ ಓದು ಶುರುವಾಯಿತು.

ಸಂಕ್ರಾಂತಿಗೆ ಸಿಕ್ಕಿದ್ದು ಅರ್ಧ. ಸುಗ್ಗಿಯ ಕಾಲ, ಎಳ್ಳು ಬೆಲ್ಲ ದೇವರ ಸೃಷ್ಟಿ, ತಿನ್ನಲು ಅಡ್ಡಿಯಿಲ್ಲ. ಆದರೆ ಸೂರ್ಯನಿಗೆ ಸಲ್ಲಿಸಿದಂತೆ ಆಗಬಾರದು. ಹಾಗಾದರೆ ಏನು ಮಾಡುವುದು? ನಮ್ಮ ಇಡೀ ಕುಟುಂಬ ಬೆಳಗಿನ ಎಂಟು ಗಂಟೆಗೆ ಪಶ್ಚಿಮಕ್ಕೆ ಮುಖ ಮಾಡಿ, ಗೋಡೆಯನ್ನು ನೋಡುತ್ತ ಕುಸುರೆಳ್ಳು ತಿನ್ನುತ್ತದೆ. ಹೊಸದಾಗಿ ನೋಡಿದವರು ನಾವು ಯಾವುದೋ ತಪ್ಪಿಗೆ ಶಿಕ್ಷೆ ಅನುಭವಿಸುತ್ತಿದ್ದೇವೆ ಎಂದುಕೊಳ್ಳಬೇಕು.

ಆಯುಧಪೂಜೆಗೆ ಪೂರಾ ಕೆಂಪು. ನನ್ನ ಯಜಮಾನರು ನೆಲೋಗಿಯ ಕಡೆ ದನದ ದವಾಖಾನೆಯಲ್ಲಿ ಕೆಲಸ ಮಾಡುತ್ತಾರೆ. ಒಂದು ವರ್ಷ ಅಲ್ಲಿಯ ಹುಡುಗರು ಇವರಿಗೆ ಹೇಳದೆ ಮೋಟಾರ್‌ಸೈಕಲ್ಲಿಗೆ ಚೆಂಡುಹೂವಿನ ಹಾರ ಹಾಕಿ, ನಿಂಬೆಹಣ್ಣು ಕಟ್ಟಿ ಕಳಿಸಿಬಿಟ್ಟರು. ಪಾಪ, ಪ್ರೀತಿಯಿಂದ ಮಾಡಿದ್ದು. ಇವರಿಗೆ ಅದನ್ನು ಕಿತ್ತೆಸೆಯಲು ಮನಸ್ಸು ಬರಲಿಲ್ಲ. ದೊಡ್ಡವ್ವ ಬಾಗಿಲಲ್ಲೇ ತಡೆದರು. ಮನುಷ್ಯ ಒಳಗೆ, ಗಾಡಿ ಹೊರಗೆ! ಮೂರು ದಿನ ಗಾಡಿ ಬೀದಿಯಲ್ಲೇ ನಿಂತಿತು. ಯಾರಾದರೂ ಹೊಡೆದುಕೊಂಡು ಹೋದಾರೆಂದು ನಾನು ತಾಸಿಗೊಮ್ಮೆ ಕಿಟಕಿಯಿಂದ ಇಣುಕುತ್ತಿದ್ದೆ. ಯಾರೂ ಒಯ್ಯಲಿಲ್ಲ. ಅದೊಂದು ಕೃಪೆ. ನಾಲ್ಕನೆಯ ದಿನ ಹೂವು ಒಣಗಿ ಉದುರಿದ ಮೇಲೆ ದೊಡ್ಡವ್ವ ಬಕೆಟ್ ತುಂಬ ಫಿನಾಯಿಲ್ ನೀರು ಮಾಡಿ ಗಾಡಿಯನ್ನು ತೊಳೆದು, ಸೀಟಿನ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಒಳಗೆ ಬಿಟ್ಟುಕೊಂಡರು. ವಾಸನೆ ಹದಿನೈದು ದಿನ ಹೋಗಲಿಲ್ಲ. ನನ್ನ ಯಜಮಾನರು ದವಾಖಾನೆಗೆ ಹೋದರೆ ಎಮ್ಮೆಗಳು ಇಂಜೆಕ್ಷನ್ ಕಾಣುವ ಮೊದಲೇ ಹಗ್ಗ ಜಗ್ಗುತ್ತಿದ್ದವಂತೆ.

ತಾಯಂದಿರ ದಿನಕ್ಕೂ ಕೆಂಪೇ ಬಿದ್ದಿತ್ತು. ಅದರಲ್ಲಿ ಯಾವ ದೇವರೂ ಇಲ್ಲವಲ್ಲ ಎಂದು ನಾನು ಕೇಳಿದೆ. ವರ್ಷಕ್ಕೆ ಒಂದು ದಿನ ಎಂದು ಹೇಳಿ ಮುನ್ನೂರ ಅರವತ್ತನಾಲ್ಕು ದಿನ ತಪ್ಪಿಸಿಕೊಳ್ಳುವ ಉಪಾಯ ಅದು ಎಂದರು. ಈ ತೀರ್ಪಿನ ವಿರುದ್ಧ ಮಾತ್ರ ನನಗೆ ಯಾವ ತಕರಾರೂ ಇಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಎಳ್ಳಮಾವಾಸ್ಯೆ. ನಮ್ಮ ಕಡೆಗೆ ಅದು ದೇವಸ್ಥಾನದ ಹಬ್ಬಕ್ಕಿಂತ ಹೆಚ್ಚಾಗಿ ಹೊಲದ ಹಬ್ಬ. ಅಂದು ಊರಿಗೆ ಊರೇ ಹೊಲಕ್ಕೆ ಹೋಗಿ, ಪೈರಿಗೆ ಅಡಿಗೆಯನ್ನು ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತದೆ. ಆ ಚೆಲ್ಲುವುದಕ್ಕೆ ಚರಗ ಎನ್ನುತ್ತಾರೆ. ಹಸಿ ಕಾಳು, ಸೊಪ್ಪು, ಹುಣಸೆಹುಳಿ ಎಲ್ಲ ಕೂಡಿಸಿ ಕುದಿಸಿದ ಬಜ್ಜಿಯ ರುಚಿ ಬರೆಯಲು ಬರುವುದಿಲ್ಲ. ನಮ್ಮ ಪಕ್ಕದ ಮನೆಯ ಶರಣಮ್ಮಕ್ಕನವರ ಹೊಲ ಅಂದೋಲಾ ರಸ್ತೆಯ ಬದಿಗಿದೆ. ಪ್ರತಿ ವರ್ಷ ನಮ್ಮನ್ನು ಬಿಡದೆ ಕರೆದೊಯ್ಯುತ್ತಾರೆ. ದೊಡ್ಡವ್ವ ಬರುತ್ತಾರೆ. ಆದರೆ ಹೊಲದೊಳಗೆ ಕಾಲಿಡುವುದಿಲ್ಲ. ಬದುವಿನ ಮೇಲೆ ಕೂಡುತ್ತಾರೆ. ಬದು ಎಂದರೆ ಹೊಲ ಹೌದೋ ಅಲ್ಲವೋ? ಆ ಪ್ರಶ್ನೆಯ ಮೇಲೆಯೇ ಅವರು ಚಾಪೆ ಹಾಸಿಕೊಂಡು ಕೂತಿರುತ್ತಾರೆ.

ಇನ್ನು ಊಟ. ಪೂಜೆಗೆ, ಚರಗಕ್ಕೆ ಮುಟ್ಟಿಸುವ ಮೊದಲೇ ನಮ್ಮ ಪಾಲನ್ನು ಬೇರೆ ಡಬ್ಬಿಗೆ ತೆಗೆದಿಡುವುದು ಶರಣಮ್ಮಕ್ಕ ನಮಗಾಗಿಯೇ ಮಾಡಿಕೊಂಡ ಪದ್ಧತಿ. ಹೋಳಿಗೆಯಿರಲಿ, ಕಡಬಿರಲಿ, ಮೊದಲ ಪಾಲು ಕ್ರೈಸ್ತರ ಮನೆಗೆ, ಎರಡನೆಯದು ನೈವೇದ್ಯಕ್ಕೆ. ಅವರ ಅತ್ತೆ ಇದ್ದಾಗ, ‘ದ್ಯಾವರಿಗಿಂತ ಮೊದಲ ಸಿಸ್ಟರಮ್ಮನ ಪಾಳಿ ಏನಬೇ?’ ಎಂದು ಗೊಣಗುತ್ತಿದ್ದರಂತೆ. ಆದರೂ ದೊಡ್ಡವ್ವ ಪ್ರತಿ ಸಲ ಡಬ್ಬಿ ಮುಚ್ಚಳ ತೆಗೆಯುವ ಮೊದಲು ಒಮ್ಮೆ ವಿಚಾರಣೆ ಮಾಡುತ್ತಾರೆ. ಶರಣಮ್ಮಕ್ಕ ನಗುತ್ತಲೇ ಸಾಕ್ಷಿ ಹೇಳುತ್ತಾರೆ.

“ಸಿಸ್ಟರಮ್ಮೋರೆ, ಈ ಬಜ್ಜಿ ಇನ್ನಾ ಯಾ ದ್ಯಾವರೂ ನೋಡಿಲ್ಲರಿ. ನೀವೇ ಮೊದಲ. ಉಣ್ರಿ.”

ಹೋದ ವರ್ಷದ ಹಿಂದಿನ ವರ್ಷ ನಾನೊಂದು ಅನಾಹುತ ಮಾಡಿದೆ. ಹೊಲದಲ್ಲಿ ಬಡಿಸಲು ಕೂತವಳು, ಅವಸರದಲ್ಲಿ ನಮ್ಮ ಡಬ್ಬಿಯ ಬಜ್ಜಿಯನ್ನೂ ಅವರ ಡಬ್ಬಿಯದನ್ನೂ ಒಂದೇ ಪಾತ್ರೆಗೆ ಸುರಿದುಬಿಟ್ಟೆ. ಸುರಿದ ಮೇಲೆ ನೆನಪಾಯಿತು. ಯಾವ ಕಾಳು ಯಾವ ಕಡೆಯದು ಎಂದು ಇನ್ನು ಆರಿಸಲಾದೀತೇ? ಅಷ್ಟರಲ್ಲಿ ದೊಡ್ಡವ್ವ ಬದುವಿನ ಮೇಲಿಂದ ತಟ್ಟೆ ಚಾಚಿದರು. ಬಡಿಸಿದೆ. ಉಂಡರು. ಈ ವರ್ಷ ಬಜ್ಜಿ ಏಕೋ ಬಹಳ ಹದವಾಗಿದೆ ಎಂದು ಇನ್ನೊಮ್ಮೆ ಹಾಕಿಸಿಕೊಂಡರು! ನಾನು ಒಂದು ತಿಂಗಳು ಯಾರಿಗೂ ಬಾಯಿ ಬಿಡಲಿಲ್ಲ. ದೊಡ್ಡವ್ವ ಸೀನಿದರೆ ನನಗೆ ಜ್ವರ ಬರುತ್ತಿತ್ತು. ಮೊಣಕಾಲೂರಿ ಕ್ಷಮೆ ಕೇಳಿದೆ, ಅವರ ಪರವಾಗಿಯೂ ಕೇಳಿದೆ, ಗೊತ್ತಿಲ್ಲದೆ ಉಂಡ ಪಾಪ ಉಂಡವರ ಲೆಕ್ಕಕ್ಕೆ ಬರಬಾರದು ಎಂದು. ಅವರಿಗೆ ನೆಗಡಿ ಸಹ ಆಗಲಿಲ್ಲ. ಅದೂ ಒಂದು ಕೃಪೆಯೇ.

ಇದನ್ನೆಲ್ಲ ನಾನು ನಗುತ್ತ ಬರೆಯುತ್ತಿದ್ದೇನೆ. ಆದರೆ ಆಯಾ ದಿನ ನಕ್ಕವಳಲ್ಲ. ನಂಬಿಕೆ ನನಗೆ ಆಟದ ವಸ್ತುವಲ್ಲ. ಕರೆದ ನೆರೆಯವರ ಮನಸ್ಸು ನೋಯಿಸಿದರೂ ತಪ್ಪು, ಕರೆದಲ್ಲೆಲ್ಲ ಹೋಗಿ ನನ್ನ ಕರ್ತನನ್ನು ನೋಯಿಸಿದರೂ ತಪ್ಪು. ಈ ಎರಡರ ನಡುವೆ ಹಬ್ಬದ ಅಡಿಗೆ ಬೇರೆ ಮಾಡಬೇಕು.

ಹೀಗಿರುವಾಗ ಕಳೆದ ಅಕ್ಟೋಬರಿನಲ್ಲಿ, ಏಳನೆಯ ಇಯತ್ತೆ ಓದುವ ನಮ್ಮ ಗ್ರೇಸಿ ಶಾಲೆಯಿಂದ ಓಡಿ ಬಂದು, ಚೀಲವನ್ನೂ ಇಳಿಸದೆ ಸುದ್ದಿ ಹೇಳಿದಳು. ರಾಜ್ಯೋತ್ಸವದ ಮೆರವಣಿಗೆಯಲ್ಲಿ ಆಕೆಯೇ ಭುವನೇಶ್ವರಿ! ಅಲಂಕರಿಸಿದ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಎತ್ತರದ ಕುರ್ಚಿಯಲ್ಲಿ, ಕೆಂಪು ಹಳದಿ ಸೀರೆಯುಟ್ಟು, ಕಿರೀಟ ಇಟ್ಟು, ಬಾವುಟ ಹಿಡಿದು, ಶಾಲೆಯಿಂದ ಬಜಾರದ ಮೂಲಕ ತಾಲ್ಲೂಕು ಕಚೇರಿಯವರೆಗೆ. ಇಡೀ ಶಾಲೆಯಲ್ಲಿ ಆಕೆಯನ್ನೇ ಆರಿಸಿದ್ದಾರೆ, ಏಕೆಂದರೆ ಅಲುಗಾಡದೆ ಕೂಡುವುದು ಆಕೆಗೆ ಮಾತ್ರ ಬರುತ್ತದೆ. ಬರದೆ ಏನು? ಎರಡು ತಾಸಿನ ಭಾನುವಾರದ ಆರಾಧನೆಯಲ್ಲಿ ದೊಡ್ಡವ್ವನ ಪಕ್ಕ ಕೂತು ಬೆಳೆದ ಹುಡುಗಿ!

ನಾನು ಮೊದಲು ಆಕೆಯ ಮುಖ ನೋಡಿದೆ, ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದೆ. ನವೆಂಬರ್ ಒಂದಕ್ಕೆ ಪ್ರತಿ ವರ್ಷವೂ ಅರ್ಧ. ಬಾವುಟಕ್ಕೆ ವಂದನೆ ಸರಿ, ನಾಡಗೀತೆಗೆ ನಿಲ್ಲುವುದು ಸರಿ, ಫೋಟೋದ ಮುಂದೆ ತೆಂಗಿನಕಾಯಿ ಒಡೆಯುವ ಹೊತ್ತಿಗೆ ನೀರು ಕುಡಿಯುವ ನೆಪದಲ್ಲಿ ಹೊರಗೆ ಬರಬೇಕು. ಗ್ರೇಸಿ ಆರು ವರ್ಷ ಹಾಗೆಯೇ ನೀರು ಕುಡಿದಿದ್ದಾಳೆ. ಈಗ ಆಕೆಯೇ ಫೋಟೋ ಆದರೆ ನೀರು ಕುಡಿಯಲು ಎಲ್ಲಿಗೆ ಹೋಗುವುದು?

ದೊಡ್ಡವ್ವ ಸುದ್ದಿ ಕೇಳಿ ಏನೂ ಅನ್ನಲಿಲ್ಲ. ಹೌದು ಎಂದರೂ ಆಗುತ್ತಿತ್ತು, ಇಲ್ಲ ಎಂದರೂ ಆಗುತ್ತಿತ್ತು. ಎದ್ದು ತಮ್ಮ ಕೋಣೆಗೆ ಹೋದರು. ಅವರ ಮೌನ ನನಗೆ ಹೊಸದು. ಅಂದಿನಿಂದ ನನ್ನ ನಿದ್ದೆ ಹೋಯಿತು.

ನಾನು ಎಲ್ಲರನ್ನೂ ಕೇಳಿ ನೋಡಿದೆ. ಪಾಸ್ಟರರು ಒಳ್ಳೆಯವರು, ಇದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು ಎಂದರು. ನನ್ನ ಮನಸ್ಸಾಕ್ಷಿಯೋ, ಒಂದು ರೊಟ್ಟಿ ಬಡಿಯುವಷ್ಟರಲ್ಲಿ ಎರಡು ಸಲ ಪಕ್ಷ ಬದಲಾಯಿಸುತ್ತಿತ್ತು. ಸಭೆಯ ಸ್ತ್ರೀ ಸಂಘದಲ್ಲಿ ಕೇಳಿದರೆ ಒಬ್ಬರು ಇದು ನೇರವಾಗಿ ವಿಗ್ರಹಾರಾಧನೆ, ಅದೂ ನಮ್ಮ ಹುಡುಗಿಯೇ ವಿಗ್ರಹ ಎಂದರು. ಇನ್ನೊಬ್ಬರು ನಾಡಹಬ್ಬ ಸರಕಾರದ್ದು, ಹೋಗಲಿ ಬಿಡಿ, ಆದರೆ ರವಿಕೆಯ ತೋಳು ಮೊಣಕೈತನಕ ಇರಲಿ ಎಂದರು. ಮೂರನೆಯವರು ಸೀರೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು. ಯಜಮಾನರನ್ನು ಕೇಳಿದೆ. ಅವರಿಗೆ ಆಗಲೇ ಯಾವುದೋ ಎಮ್ಮೆಯ ನೆನಪಾಗಿ ಗಾಡಿ ಹತ್ತಿ ಹೋದರು. ನಮ್ಮ ಮನೆಯಲ್ಲಿ ಚರ್ಚೆ ಶುರುವಾದಾಗಲೆಲ್ಲ ನೆಲೋಗಿಯಲ್ಲಿ ಒಂದು ಎಮ್ಮೆಗೆ ಹೊಟ್ಟೆ ಉಬ್ಬರಿಸುತ್ತದೆ.

ಗ್ರೇಸಿ ಮಾತ್ರ ಯಾರನ್ನೂ ಕೇಳಲಿಲ್ಲ. ರಟ್ಟಿನ ಕಿರೀಟಕ್ಕೆ ಚಿನ್ನದ ಬಣ್ಣದ ಕಾಗದ ಅಂಟಿಸುತ್ತ ಕೂತಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ಎರಡು ತುತ್ತು ಉಂಡು ಏಳುತ್ತಿದ್ದಳು. ಹಟ ಮಾಡಿದ್ದರೆ ಬಯ್ಯಬಹುದಿತ್ತು. ಸುಮ್ಮನೆ ಅಂಟಿಸುವ ಮಗುವನ್ನು ಏನೆಂದು ಬಯ್ಯುವುದು?

ಐದನೆಯ ದಿನ ದೊಡ್ಡವ್ವ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು, ಛತ್ರಿ ಹಿಡಿದು, ನನ್ನನ್ನು ಹಿಂದೆ ಹಾಕಿಕೊಂಡು ಶಾಲೆಗೆ ಹೊರಟರು. ಹೆಡ್ ಮೇಡಂ ಎದ್ದು ನಿಂತು ಕುರ್ಚಿ ಕೊಟ್ಟರು. ಡ್ರಾಯಿಂಗ್ ಮಾಸ್ತರರೂ ಅಲ್ಲೇ ಇದ್ದರು. ಅವರು ಅಫಜಲಪುರದ ಕಡೆಯವರು, ಟ್ರಾಲಿಯ ಅಲಂಕಾರವೆಲ್ಲ ಅವರದೇ. ದೊಡ್ಡವ್ವ ಕೂಡಲಿಲ್ಲ, ನಿಂತೇ ಕೇಳಿದರು.

“ಮೇಡಮ್ಮೋರೆ, ಒಂದ ಮಾತು ಕೇಳ್ತೇನಿ. ಈ ಭುವನೇಶ್ವರಿ ದೇವಿ ಏನ್ರಿ, ನಕಾಶೆ ಏನ್ರಿ?”

ಹೆಡ್ ಮೇಡಂ ಮಾಸ್ತರರ ಮುಖ ನೋಡಿದರು. ಇಷ್ಟು ವರ್ಷದ ಸೇವೆಯಲ್ಲಿ ಅವರಿಗೆ ಈ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬಂದಿರಲಿಕ್ಕಿಲ್ಲ. ಮಾಸ್ತರರು ತಲೆ ಕೆರೆದುಕೊಂಡರು.

“ನಾ ಬರಿಯೋವಾಗ ಮೊದಲ ನಕಾಶೆ ಬರಿತೇನ್ರಿ. ಆಮ್ಯಾಗ ಅದರ ಮ್ಯಾಲ ಸೀರಿ ಉಡಸ್ತೇನಿ.”

“ಅಂದ್ರ ಒಳಗ ನಕಾಶೆ ಅದ.”

“ಒಳಗ ನಕಾಶೆನೇ ಅದರಿ.”

“ನಮ್ಮ ಕಲಬುರಗಿ ಎಲ್ಲಿ ಬರ್ತದ?”

“ಬೀದರ ಕಿರೀಟದಾಗ, ಕಲಬುರಗಿ ಹಣಿ ಮ್ಯಾಲ್ರಿ ಸಿಸ್ಟರಮ್ಮೋರೆ.”

ದೊಡ್ಡವ್ವ ಆಗ ಕುರ್ಚಿಯಲ್ಲಿ ಕೂತರು. ಈ ಭಾಗದವರಿಗೆ ಯಾರಾದರೂ ಹಣೆಯ ಮೇಲೆ ಜಾಗ ಕೊಟ್ಟದ್ದು ಅವರಿಗೆ ತುಸು ಹಿಡಿಸಿತು ಎಂದು ನನಗನಿಸಿತು. ಮುಂದಿನ ಅರ್ಧ ತಾಸು ಒಪ್ಪಂದದ ಮಾತು ನಡೆಯಿತು. ಮಗುವಿಗೆ ಕುಂಕುಮ ಹಚ್ಚಬಾರದು, ಪಾದಕ್ಕೆ ಯಾರೂ ಬೀಳಬಾರದು, ಕಾಯಿ ಒಡೆಯುವುದಿದ್ದರೆ ಟ್ರ್ಯಾಕ್ಟರಿನ ಗಾಲಿಯ ಹತ್ತಿರ, ಮಗುವಿನ ಮುಂದೆ ಅಲ್ಲ. ಹೆಡ್ ಮೇಡಂ ಎಲ್ಲದಕ್ಕೂ ಒಪ್ಪಿದರು. ಹಾದಿಯಲ್ಲಿ ಹೆಂಗಸರು ಆರತಿ ತಂದರೆ ತಾವು ಕೈ ಹಿಡಿಯಲಾಗದು ಎಂದಷ್ಟೇ ಹೇಳಿದರು. ಅದಕ್ಕೂ ಮಾಸ್ತರರೇ ದಾರಿ ತೋರಿಸಿದರು. ಟ್ರಾಲಿಯ ಮುಂಭಾಗಕ್ಕೆ ಒಂದು ದೊಡ್ಡ ನಕಾಶೆ ಬರೆದು ನಿಲ್ಲಿಸುತ್ತೇನೆ, ಆರತಿ ಬಂದರೆ ನಕಾಶೆಗೆ ಎಂದರು. ಇನ್ನೇನು ಬೇಕು? ಅಡ್ಡಿಗಳೆಲ್ಲ ಮುಗಿದಿದ್ದವು. ನನಗೆ ಹಾಡಬೇಕೆನಿಸಿತು.

ಹೊರಗೆ ಬಂದು ದೊಡ್ಡವ್ವ ಛತ್ರಿ ಬಿಚ್ಚಿದರು. ಹತ್ತು ಹೆಜ್ಜೆ ನಡೆದ ಮೇಲೆ, ನೋಡೋಣ ಎಂದರು. ಎಲ್ಲ ಷರತ್ತನ್ನೂ ಗೆದ್ದವರು ‘ನೋಡೋಣ’ ಎನ್ನುವುದೇ? ನನಗೆ ತಲೆ ಕೆಟ್ಟಿತು. ಮನೆಗೆ ಬಂದು ಆ ಮಧ್ಯಾಹ್ನವೇ, ಅವರು ಮೊರದಲ್ಲಿ ತೊಗರಿಬೇಳೆ ಆರಿಸುತ್ತ ಕೂತಿದ್ದಾಗ, ಎದುರು ಹೋಗಿ ಕೂತೆ. ಮದುವೆಯಾಗಿ ಹದಿನಾರು ವರ್ಷದಲ್ಲಿ ಮೊದಲ ಸಲ ದೊಡ್ಡವ್ವನಿಗೆ ಎದುರು ಪ್ರಶ್ನೆ ಹಾಕಿದೆ. ಕುಂಕುಮ ಇಲ್ಲ, ಆರತಿ ಇಲ್ಲ, ಕಾಯಿ ಇಲ್ಲ, ಇನ್ನು ಯಾವ ಪಾಪಕ್ಕೆ ಅಂಜುತ್ತೀರಿ ಎಂದು ಕೇಳಿದೆ.

ಅವರು ಬೇಳೆಯಲ್ಲಿ ಬೆರಳಾಡಿಸುತ್ತಲೇ ಇದ್ದರು. ಕಣ್ಣೆತ್ತದೆಯೇ ಹೇಳಿದರು.

“ನಂದು ಎರಡನೇ ಪೋಸ್ಟಿಂಗ್. ಊರ ಹೆಸರು ಬ್ಯಾಡ. ದೊಡ್ಡ ಮನಿ. ಇಡೀ ದಿನ ಬ್ಯಾನಿ, ಕೂಸು ಕಾಲ ಮುಂದ ಮಾಡಿತ್ತು. ಹ್ಯಾಂಗೋ ತಗದೆ. ತಾಯಿ ಉಳದ್ಲು, ಕೂಸೂ ಉಳೀತು. ಹೆಸರಿಡೋ ದಿನ ನನ್ನ ಕರದ್ರು. ಹೊಸಾ ಸೀರಿ ಉಟಗೊಂಡು ಹೋದೆ. ಎಲ್ಲಾರಿಗೂ ಒಳಗ ಪಂಕ್ತಿ ಹಾಕಿದ್ರು. ನನಗ ಹೊರಗ ಕಟ್ಟಿ ಮ್ಯಾಲ ಒಂದ ಎಲಿ. ‘ಸಿಸ್ಟರಮ್ಮ, ನಿಮ್ಮ ಓಣಿ ಮಂದಿಗೆ ಒಳಗ...’ ಅಂತ ಅರ್ಧಕ್ಕ ಬಿಟ್ರು. ಕೂಸು ಹಿಡೀಲಿಕ್ಕ ನಾ ಒಳಗ ಬೇಕಾಗಿದ್ದೆ ಬೇ. ಉಣ್ಣಾಕ ಹೊರಗ.”

ನಮ್ಮ ಹಿರಿಯರು ಕ್ರಿಸ್ತನ ಬಳಿಗೆ ಬಂದದ್ದು ಯಾವ ಓಣಿಯಿಂದ ಎಂಬುದನ್ನು ನಾವು ಮನೆಯಲ್ಲಿ ಮಾತಾಡುವುದಿಲ್ಲ. ಊರು ಮಾತ್ರ ಮರೆತಿರುವುದಿಲ್ಲ. ದೊಡ್ಡವ್ವ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು.

“ಮುಂದ ಯಾರರ ಕರದ್ರ ನಾನೇ ಮೊದಲ ಹೇಳತಿದ್ದೆ, ನಮ್ಮ ಧರ್ಮದಾಗ ನಡಿಯಂಗಿಲ್ಲರಿ, ನಾ ಇಲ್ಲೇ ನಿಲ್ತೇನ್ರಿ ಅಂತ. ಅವರು ಬ್ಯಾಡ ಅನ್ನೋಕಿಂತ ಮೊದಲ ನಾ ಬ್ಯಾಡ ಅಂದ್ರ ಆತು. ದೇವರ ಮ್ಯಾಲಿನ ಭಕ್ತಿ ಖರೆನೇ, ಅದೇನು ಸುಳ್ಳಲ್ಲ. ಆದ್ರ ನಾ ಅದರ ಹಿಂದ ಅಡಗಿ ನಿಂತೆ.”

ಹದಿನಾರು ವರ್ಷ ನಾನು ಒಳಗೊಳಗೆ ಗೊಣಗಿದ್ದೆಲ್ಲ ನೆನಪಾಗಿ ಮುಖ ಬಿಸಿಯಾಯಿತು.

“ಈಗ ಈ ಹುಡುಗೀನ ಮ್ಯಾಲ ಕೂಡಸ್ತಾರ. ಕೂಡಸೋದು ದೊಡ್ಡ ಮಾತಲ್ಲ. ಹಾದ್ಯಾಗ ಯಾವನರ ಬಂದು, ಇಕಿ ಯಾರ ಪೈಕಿ ಅಂತ ಕೇಳಿ, ಇಳಸ್ರಿ ಅಂದ್ರ? ನಡು ಬಜಾರದಾಗ? ಆ ಕಿರೀಟ ತಗದು ಇನ್ನೊಬ್ಬಾಕಿಗೆ ಇಟ್ರ?” ಎಂದು ಮೊರವನ್ನು ನನ್ನ ಕಡೆ ಸರಿಸಿದರು. “ಇದರಾಗ ನನ್ನ ಪೆನ್ಸಿಲ್ ನಡಿಯಂಗಿಲ್ಲ. ನೀ ತಾಯಿ ಅದಿ. ನೀ ಹೇಳು.”

ಅಧಿಕಾರ ನನ್ನ ಕೈಗೆ ಬಂದ ಮೊದಲ ದಿನ! ಅದನ್ನು ಎಲ್ಲಿ ಇಡಬೇಕೆಂದು ನನಗೆ ತಿಳಿಯಲಿಲ್ಲ. ಒಲೆಯ ಮುಂದೆ ನಿಂತು ಪ್ರಾರ್ಥನೆ ಮಾಡಿದೆ. ಮೇಲಿಂದ ದನಿಯೇನೂ ಕೇಳಿಸಲಿಲ್ಲ. ಹಾಲು ಉಕ್ಕಿತು ಅಷ್ಟೇ. ಹಾಲು ಒರೆಸುತ್ತಿರುವಾಗ ಒಂದು ವಿಚಾರ ಬಂತು. ಇಳಿಸುವವರು ಇನ್ನೂ ಯಾರೂ ಬಂದಿಲ್ಲ. ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಈ ಕ್ಷಣ ಆ ಮಗುವನ್ನು ಇಳಿಸುವ ಶಕ್ತಿ ಇರುವುದು ಒಬ್ಬಳಿಗೇ, ನನಗೆ. ಹಾಗಾದರೆ ಮೊದಲು ಇಳಿಸುವವಳು ತಾಯಿಯೇ ಆಗಬೇಕೇ? ಕೈ ಒರೆಸಿಕೊಂಡು ಹೋಗಿ ಹೇಳಿದೆ, ಗ್ರೇಸಿ ಕೂಡಲಿ ಎಂದು. ದೊಡ್ಡವ್ವ ತಲೆ ಆಡಿಸಿದರು. ಒಪ್ಪಿಗೆಯೋ, ಅಂಜಿಕೆಯೋ, ತಿಳಿಯಲಿಲ್ಲ.

ನವೆಂಬರ್ ಒಂದರ ಬೆಳಗ್ಗೆ ಶರಣಮ್ಮಕ್ಕ ಬಂದು ಗ್ರೇಸಿಗೆ ಸೀರೆ ಉಡಿಸಿದರು. ಹನ್ನೆರಡು ಪಿನ್ನು ಹಾಕಿದರು, ಒಂದೂ ಚುಚ್ಚಲಿಲ್ಲ. ಬಿಸಿಲಿಗೆ ಅಂಜಿದ್ದೆ, ಮೋಡ ಕವಿದಿತ್ತು. ಮಗು ಅವಲಕ್ಕಿ ಉಂಡು ವಾಂತಿ ಮಾಡಿಕೊಳ್ಳಲಿಲ್ಲ. ಒಂದೊಂದನ್ನೂ ನಾನು ಬೆರಳು ಮಡಚಿ ಎಣಿಸಿಕೊಂಡೆ. ಯಜಮಾನರು ಸಹ ಅಂದು ಯಾವ ಎಮ್ಮೆಯ ಸುದ್ದಿಯನ್ನೂ ತೆಗೆಯಲಿಲ್ಲ. ಕ್ಯಾಮೆರಾ ಇರುವ ಫೋನ್ ಹಿಡಿದು ಮುಂದೆ ಮುಂದೆ ಓಡಿದರು.

ದೊಡ್ಡವ್ವ ಮೆರವಣಿಗೆಗೆ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಬಿಳಿ ಸೀರೆಯುಟ್ಟು ಬಂದರು. ಅಂಚಿನಲ್ಲಿ ನಿಲ್ಲುತ್ತಾರೆ ಎಂದುಕೊಂಡರೆ ಸೀದಾ ಟ್ರಾಲಿಯ ಪಕ್ಕಕ್ಕೆ ಹೋಗಿ, ಅದರ ಹಲಗೆಯ ಕಬ್ಬಿಣದ ಕೊಂಡಿಯನ್ನು ಹಿಡಿದುಕೊಂಡರು. ಟ್ರ್ಯಾಕ್ಟರ್ ಹೊರಟಿತು, ಅವರೂ ಹೊರಟರು. ಎಪ್ಪತ್ತೆರಡರ ಮುದುಕಿಯನ್ನು ಅಷ್ಟು ಹತ್ತಿರ ನಡೆಸಲು ಡ್ರೈವರನಿಗೆ ಅಂಜಿಕೆ. ದೂರ ಸರಿಯಿರಿ ಎಂದು ಎರಡು ಸಲ ಹೇಳಿದ. ಅವರಿಗೆ ಕೇಳಿಸಲೇ ಇಲ್ಲ. ಹಲಗೆ ವಾದ್ಯದ ಸದ್ದು, ಜೈ ಎನ್ನುವ ಮಕ್ಕಳ ಸದ್ದು, ಮೇಲೆ ಗ್ರೇಸಿ ಕಣ್ಣು ಸಹ ಪಿಳುಕಿಸದೆ ಕೂತಿದ್ದಾಳೆ. ಕೆಳಗೆ ದೊಡ್ಡವ್ವ ಎಡಬಲದ ಮುಖಗಳನ್ನು ಒಂದೊಂದಾಗಿ ನೋಡುತ್ತ ನಡೆಯುತ್ತಿದ್ದಾರೆ. ನಾನು ಅವರ ಹಿಂದೆ.

ಇಬ್ಬರು ಹೆಂಗಸರು ಆರತಿ ತಂದರು. ಡ್ರಾಯಿಂಗ್ ಮಾಸ್ತರರು ಎಲ್ಲಿದ್ದರೋ, ಹಾರಿ ಬಂದು ಅವರನ್ನು ನಕಾಶೆಯ ಮುಂದೆ ನಿಲ್ಲಿಸಿದರು. ಅವರು ಬೀದರದಿಂದ ಚಾಮರಾಜನಗರದ ತನಕ ಸಾವಕಾಶವಾಗಿ ಬೆಳಗಿ ಹೋದರು.

ಬಜಾರದ ನಡುವೆ ಎದುರಿಗೆ ಬಸ್ಸು ಬಂದು ಮೆರವಣಿಗೆ ನಿಂತಿತು. ವಾದ್ಯವೂ ನಿಂತಿತು. ಆಗ ಒಬ್ಬ ಹಿರಿಯರು, ದೊಡ್ಡ ರುಮಾಲು, ಕೈಯಲ್ಲಿ ಬಡಿಗೆ, ಜನರನ್ನು ಸರಿಸುತ್ತ ಟ್ರಾಲಿಯ ಹತ್ತಿರ ಬಂದರು. ಬಡಿಗೆಯನ್ನು ಮೇಲೆ ತೋರಿಸಿದರು.

“ಈ ಹುಡುಗಿ ಯಾರ ಪೈಕಿ?”

ಅದೇ ಪ್ರಶ್ನೆ, ಅದೇ ಜಾಗ! ದೊಡ್ಡವ್ವನ ಬೆರಳ ಗೆಣ್ಣುಗಳು ಕೊಂಡಿಯ ಮೇಲೆ ಬಿಳಿಚಿದ್ದು ಕಂಡಿತು. ನಮ್ಮಲ್ಲಿ ನಡೆಯುವುದಿಲ್ಲರಿ ಎಂದು ಅವರು ಈಗ ಹೇಳಿಯೇಬಿಡುತ್ತಾರೆ, ತಾವೇ ಮೊದಲು ಇಳಿಸಿಬಿಡುತ್ತಾರೆ ಎಂದುಕೊಂಡೆ. ಅವರು ತಲೆ ಎತ್ತಿದರು.

“ನನ್ನ ಮೊಮ್ಮಗಳ್ರಿ.”

ಹಿರಿಯರು ದೊಡ್ಡವ್ವನನ್ನು ನೋಡಿದರು. ಅವರ ಬಿಳಿ ಸೀರೆ ನೋಡಿದರು. ಮತ್ತೆ ಮೇಲೆ ನೋಡಿದರು.

“ಕಿರೀಟ ಸೊಟ್ಟ ಆಗ್ಯದಲಾ ಸಿಸ್ಟರಮ್ಮ. ಯಾರರ ಮ್ಯಾಲ ಹತ್ತಿ ಸರಿ ಮಾಡ್ರಿ,” ಎಂದು ಬಡಿಗೆ ಇಳಿಸಿಕೊಂಡು ಹೋದರು.

ಮಾಸ್ತರರು ಹತ್ತಿ ಸರಿ ಮಾಡಿದರು. ಬಸ್ಸು ಸರಿಯಿತು, ವಾದ್ಯ ಶುರುವಾಯಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆನೋ ಅತ್ತೆನೋ ನನಗೇ ಗೊತ್ತಿಲ್ಲ. ಎಲ್ಲರೂ ಹಾಗೆಯೇ ಇರುತ್ತಾರೆಂದು ನಾನು ಹೇಳಲಾರೆ. ಅಂದು ಆ ಹಾದಿಯಲ್ಲಿ ಹಾಗಿದ್ದರು. ನನಗೆ ಅಷ್ಟು ಸಾಕಾಗಿತ್ತು. ದೊಡ್ಡವ್ವನಿಗೆ ಸಾಕಾಗಿರಲಿಲ್ಲ. ತಾಲ್ಲೂಕು ಕಚೇರಿಯ ಗೇಟಿನ ತನಕ ಅವರು ಕೊಂಡಿಯನ್ನು ಬಿಡಲಿಲ್ಲ. ಅಲ್ಲಿ ಟ್ರ್ಯಾಕ್ಟರ್ ನಿಂತದ್ದೇ ತಲೆ ಸುತ್ತುತ್ತದೆ ಎಂದರು. ಯಜಮಾನರು ಗಾಡಿಯ ಮೇಲೆ ಅವರನ್ನು ಮನೆಗೆ ಬಿಟ್ಟರು. ಕಾರ್ಯಕ್ರಮ ಮುಗಿಸಿಕೊಂಡು ನಾನೂ ಗ್ರೇಸಿಯೂ ಹಿಂದಿನಿಂದ ಬಂದೆವು.

ದೊಡ್ಡವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಬಲಗೈ ಮಡಿಲಲ್ಲಿ ಅರ್ಧ ಮುಚ್ಚಿಕೊಂಡೇ ಇತ್ತು. ಬಿಚ್ಚಲು ಬರುತ್ತಿರಲಿಲ್ಲ. ನಾನು ಬಿಸಿನೀರು ತಂದು, ಪಕ್ಕದಲ್ಲಿ ಕೂತು, ಒಂದೊಂದೇ ಬೆರಳನ್ನು ಬಿಡಿಸಿದೆ. ಅಂಗೈ ತುಂಬ ತುಕ್ಕು, ನಡುವೆ ಕೊಂಡಿಯ ಆಕಾರದ ಕೆಂಪು ಗುರುತು. ಈ ಕೈ ಎಷ್ಟು ಮಕ್ಕಳನ್ನು ಹಿಡಿದಿತ್ತೋ, ಅದನ್ನು ಹಿಡಿದುಕೊಂಡು ಕೂತದ್ದು ನಾನು ಅಂದೇ ಮೊದಲು. ತೊಳೆಯುತ್ತಿದ್ದಾಗ ಅವರು ಮೆಲ್ಲಗೆ ಕೇಳಿದರು.

“ನಾ ಬಂದ ಮ್ಯಾಲ... ಯಾರೂ ಇಳಸಲಿಲ್ಲಲಾ?”

“ಇಲ್ಲ ದೊಡ್ಡವ್ವ,” ಎಂದೆ. “ಆಕಿನೇ ಇಳದ್ಲು. ಹಸಿವಿ ಆಗ್ಯದಂತ.”